ಕಿಟಕಿಯ ಕೆಳಗಿನ ಸೂರ್ಯಕಾಂತಿ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂತು. ಪೂರ್ತಿ ಗುಣವಾಗಿ ನೀನೇ ಅಡುಗೆ ಮಾಡುತ್ತಿದ್ದೀ ಎಂದು ಓದಿ ಜೀವಕ್ಕೆ ನೆಮ್ಮದಿಯಾಯಿತು.

ಬೇಸಿಗೆ ಶುರುವಾಗುತ್ತಿದ್ದ ಹಾಗೆ ನಮ್ಮ ಅಡುಗೆಮನೆ ಕಿಟಕಿಯ ಕೆಳಗೆ ಸೂರ್ಯಕಾಂತಿ ಅರಳಿದೆ. ನೀನು ಬಂದು ನಿನ್ನ ಮಗಳನ್ನು ಕರೆದೊಯ್ಯುವ ಹಿಂದಿನ ವಾರವಷ್ಟೇ ಅವಳು ಬೀಜ ಊರಿದ್ದಳು. "ಅಮ್ಮಾ, ಇದು ನನಗಿಂತ ಉದ್ದ ಆಗುತ್ತಾ?" ಅಂತ ನನ್ನನ್ನು ಕೇಳಿದ್ದಳು. ಈಗ ಅದು ನಿನ್ನ ಭಾವನಿಗಿಂತ ಎತ್ತರವಾಗಿದೆ. ದಿನಾ ಬೆಳಿಗ್ಗೆ ಅವರು ನೀರು ಹಾಕುತ್ತಾರೆ.

ನೀನು ಆಸ್ಪತ್ರೆ ಸೇರಿದಾಗ ಅವಳಿಗಿನ್ನೂ ಹಲ್ಲು ಬಂದಿರಲಿಲ್ಲ. ಮಾತು ಬಂದಾಗ ಎದುರಿಗಿದ್ದವಳು ನಾನು, ಹಾಗಾಗಿ ನನ್ನನ್ನೇ ಅಮ್ಮ ಅಂದಳು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ತಲೆ ಬಾಚುವಾಗ ಕೂದಲ ತುದಿಯಿಂದ ಸಿಕ್ಕು ಬಿಡಿಸುತ್ತಾ ಬಾ, ಅಳುವುದಿಲ್ಲ. ಹಾಲು ಬೇಡ ಅಂದರೆ ಒತ್ತಾಯ ಮಾಡಬೇಡ, ಸ್ವಲ್ಪ ಹೊತ್ತಿಗೆ ತಾನೇ ಬಂದು ಕೇಳುತ್ತಾಳೆ.

ಹೂ ಅರಳಿದರೆ ತೋರಿಸಲು ಕರೆತರಲಾ ಎಂದು ಕೇಳಿದ್ದೀ. ಈ ಬೇಸಿಗೆ ಬೇಡ ಕಣೇ. ಈಗಷ್ಟೇ ನಿನಗೆ ಹೊಂದಿಕೊಳ್ಳುತ್ತಿದ್ದಾಳೆ. ಅವತ್ತು ಗೇಟಿನ ಹತ್ತಿರ ನನ್ನ ಕುತ್ತಿಗೆಯಿಂದ ಅವಳ ಕೈ ಬಿಡಿಸಿದ್ದು ನಾನೇ. ಇನ್ನೊಂದು ಸಲ ನನ್ನ ಕೈಲಾಗದು.

ಒಂದೇ ಒಂದು ಉಪಕಾರ ಮಾಡು. ನನ್ನನ್ನು ದೊಡ್ಡಮ್ಮ ಅನ್ನುವುದನ್ನು ಅವಳಿಗೆ ಕಲಿಸು. ಬಾಯಿಗೆ ರೂಢಿಯಾದ ಮೇಲೆ ಒಂದು ದಿನ ಫೋನ್ ಮಾಡಿಸು. ಆ ಹೆಸರಿಗೆ ಓಗೊಡುವುದನ್ನು ನಾನೂ ಕಲಿಯಬೇಕಲ್ಲ.

ನಿನ್ನ,
ಅಕ್ಕ