ಬೇಲಿಯಾಗಿದ್ದ ಜನ

೧೬ ನವೆಂಬರ್ ೨೦೨೫, ಭಾನುವಾರ

ನಮ್ಮ ಕೌದಳ್ಳಿ ಫುಟ್‌ಬಾಲ್ ಕ್ಲಬ್‌ನ ಮೈದಾನಕ್ಕೆ ಬೇಲಿ ಹಾಕಿದವರಲ್ಲ ನಾವು. ಹಿಂದೆಲ್ಲ ಮ್ಯಾಚ್ ನೋಡಲು ಸುತ್ತ ನಿಂತ ಜನರೇ ಚೆಂಡು ತಡೆಯುತ್ತಿದ್ದರು. ಇವತ್ತು ನಿಂತವರು ನಾನು, ನನ್ನ ಹಳೇ ಗೆಳೆಯ ಶಿವಯ್ಯ ಇಬ್ಬರೇ. ಚೆಂಡು ಬೆಟ್ಟದ ರಸ್ತೆಗೆ ಉರುಳಿತು. ಅದರ ಹಿಂದೆ ಓಡಿದ ನಮ್ಮ ತಂಡದ ಹುಡುಗ ಶಾಂತರಾಜು ಬಸ್ಸಿಗೆ ಸಿಗದೆ ಉಳಿದದ್ದೇ ಹೆಚ್ಚು.

ಟೀ ಅಂಗಡಿಯಲ್ಲಿ ಹುಡುಗರು ಪರದೇಶದ ತಂಡದ ಜೆರ್ಸಿ ತೊಟ್ಟು ಕೂತಿದ್ದರು.

"ಯಾಕ್ರುಲಾ, ಮ್ಯಾಚ್‌ಗೆ ಬರ್ನಿಲ್ಲ?" ಎಂದೆ.

"ಫೋನಲ್ಲಿ ನಮ್ ಮ್ಯಾಚ್ ಲೈವಲ್ಲೇ ನೋಡಿ ಲೈಕ್ ಒತ್ತುದ್ವಲ್ಲ ತಾತ!" ಎಂದ ಒಬ್ಬ.

"ನಿನ್ ಲೈಕು ಬಾಲ್ ತಡ್ದದೇನ್ಲಾ?" ಶಿವಯ್ಯ ರೇಗಿದ. ಅವರು ನಕ್ಕರು.

ಸಂಜೆ ಶಾಂತರಾಜುವಿನ ತಾಯಿ ರತ್ನ ಬಂದಳು. "ಇನ್ಮ್ಯಾಕೆ ನನ್ ಮಗನ್ನ ಕಳ್ಸಕಿಲ್ಲ ಕಣಣ್ಣ." ಅವನು ಆಟ ಬಿಟ್ಟರೆ ಹನ್ನೊಂದು ಜನ ಆಗುವುದಿಲ್ಲ, ಕ್ಲಬ್ ಮುಚ್ಚಿದಂತೆ. ಮುಂದಿನ ವಾರ ರಸ್ತೆ ಕಡೆ ನಾನೇ ನಿಲ್ಲುತ್ತೇನೆ ಎಂದುಬಿಟ್ಟೆ. ಅವಳು ನನ್ನ ಊರುಗೋಲು ನೋಡಿ, ಬೇಡವೆಂಬಂತೆ ತಲೆ ಅಲ್ಲಾಡಿಸಿ ಮನೆ ಕಡೆ ನಡೆದಳು.