ಮಾರದೆ ಇಟ್ಟ ಜೋಡೆತ್ತು

ಮೂಡಲಗಿ
ರವಿವಾರ, ೨೯ ಜೂನ್ ೨೦೨೫

ಪ್ರೀತಿಯ ಸುಜಾತಾ,

ನಿನ್ನ ಅತ್ತೆ ಗೌರಕ್ಕನ ಆಶೀರ್ವಾದ. ಮೊದಲು ನಿನ್ನ ಸೊಂಟದ ನೋವು ಹೇಗಿದೆ ಹೇಳು. ಇಡೀ ದಿನ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವುದು, ಅದರ ಮೇಲೆ ಪುತ್ತೂರು ಕಡೆಯ ಆ ತಿರುವುಗಳು. ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟಲಿ ಹಾಗೆಯೇ ಕಪಾಟಿನಲ್ಲಿ ಕೂತಿದೆಯೋ? ಕುಚ್ಚಲಕ್ಕಿ ಅನ್ನ ಇನ್ನೂ ಗಂಟಲಿಗೆ ಇಳಿಯುವುದಿಲ್ಲ ಎಂದಿದ್ದೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಇಟ್ಟಿದ್ದೇನೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ನನ್ನ ಮೊಣಕಾಲು ಎಂದಿನಂತೆ ತನ್ನ ಹಟ ತಾನು ಮಾಡುತ್ತಿದೆ. ಫೋನಿದ್ದೂ ಕಾಗದ ಯಾಕೆ ಎಂದು ನಗಬೇಡ. ಈ ಮನೆಯಲ್ಲಿರುವುದು ಒಂದೇ ಫೋನು, ಅದು ಸದ್ದು ಮಾಡಿದರೆ ನನ್ನ ಕೈಗಿಂತ ಮೊದಲು ನಿನ್ನ ಮಗಳು ದಾಕ್ಷಾಯಿಣಿಯ ಕಿವಿ ಅಲ್ಲಿರುತ್ತದೆ. ಅವಳ ಎದುರು ಆಡಲಾಗದ ಮಾತಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ನನಗೆ ಒಂದು ಕಾಗದ ಭಾರವೇನಲ್ಲ.

ದಾಕ್ಷಾಯಿಣಿ ಬೇಸಿಗೆ ರಜೆಯಲ್ಲಿ ಒಂದು ದಿನ ನನ್ನ ಮುಂದೆ ನಿಂತು, "ನನ್ನ ಕೈಖರ್ಚಿನ ರೊಕ್ಕ ನಾನ ಗಳಸ್ತೇನಿ, ಆಯಿ" ಅಂದಳು. ಆರನೆಯ ಇಯತ್ತೆಗೆ ಹೋಗುವ ಹುಡುಗಿಗೆ ಎಂಥ ಖರ್ಚು ಎಂದು ನಾನು ನಕ್ಕೆ. ಮೊದಲು ಬಾಜೂಮನೆಯ ಉದ್ದವ್ವನ ಸೀರೆ ಸೆರಗಿಗೆ ಗೊಂಡೆ ಕಟ್ಟಿಕೊಡುತ್ತೇನೆಂದು ತಂದಳು. ಕಟ್ಟಿದ್ದು ಗೊಂಡೆಯಲ್ಲ, ಸಿಕ್ಕು. ಅದನ್ನು ಬಿಡಿಸುವುದಕ್ಕೆ ನಾನೂ ಉದ್ದವ್ವನೂ ಎರಡು ಮಧ್ಯಾಹ್ನ ಕುಳಿತೆವು. ಆಮೇಲೆ ಕಟ್ಟೆಯ ಮೇಲೆ ನಿಂಬೆ ಶರಬತ್ತಿನ ಅಂಗಡಿ. ಮಾರಿದ್ದಕ್ಕಿಂತ ಅವಳೇ ಕುಡಿದದ್ದು ಹೆಚ್ಚು. ಸಕ್ಕರೆ ನನ್ನದು, ನೆಗಡಿ ಅವಳದು. ಇಷ್ಟಕ್ಕೆ ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಆದರೆ ಅವಳೂ ನಿನ್ನ ಹಾಗೆಯೇ, ಹಿಡಿದದ್ದು ಬಿಡುವ ಪೈಕಿ ಅಲ್ಲ.

ಮಣ್ಣೆತ್ತಿನ ಅಮವಾಸ್ಯೆ ಹತ್ತಿರ ಬಂತು. ಮಮದಾಪುರದ ಉದ್ದಪ್ಪ ಕಾಕಾನಿಗೆ ದುಂಬಾಲು ಬಿದ್ದು ಗಾಡಿಯ ಮೇಲೆ ಒಂದು ಚೀಲ ಎರೆಮಣ್ಣು ತರಿಸಿಕೊಂಡಳು. ಹಿತ್ತಲಲ್ಲಿ ಕೂತು ಮಣ್ಣು ನಾದಿ, ಎತ್ತು ಮಾಡಿ, ಕಣ್ಣಿಗೆ ಗುಲಗಂಜಿ ಒತ್ತಿ, ಜೋಡಿಗೊಂದು ಮೇವು ಹಾಕುವ ಗ್ವಾದಲಿಯನ್ನೂ ಮಾಡಿದಳು. ಸುಳ್ಳು ಯಾಕೆ ಹೇಳಲಿ, ಮೊದಲಿನವು ಎತ್ತೋ ನಾಯಿಯೋ ಶಿವನೇ ಬಲ್ಲ. ಕಡೆಕಡೆಗೆ ಬೆನ್ನ ಮೇಲೆ ಇಣಿ ಏರಿ, ಕೋಡು ನೆಟ್ಟಗಾಗಿ, ನೋಡುವ ಹಾಗೆ ಆದವು. ನಮ್ಮ ಓಣಿಯ ಲಕ್ಕವ್ವ ಹಳೆಯ ರೂಢಿಯಂತೆ ಮೊರದಲ್ಲಿ ಜೋಳ ತಂದು ಸುರಿದು ಒಂದು ಜೋಡಿ ಒಯ್ದಳು. ಇವಳು ಮುಖ ಊದಿಸಿಕೊಂಡು, "ನನಗ ಜ್ವಾಳ ಬ್ಯಾಡ, ರೊಕ್ಕ ಬೇಕು" ಅಂದಳು. ಅವಳ ಗಳಿಕೆಯ ಮೊದಲ ರೊಟ್ಟಿ ನಾವಿಬ್ಬರೂ ಉಂಡೆವು. ನೀನಿದ್ದರೆ ನಿನಗೂ ಒಂದು ಬಡಿಯುತ್ತಿದ್ದೆ.

ಆ ಬೋರ್ಡಿನ ಕಥೆ ಅರ್ಧ ನಿನಗೆ ಗೊತ್ತು, ಉಳಿದರ್ಧ ನಾನು ಹೇಳುತ್ತೇನೆ. ರಟ್ಟಿನ ಮೇಲೆ "ಜೋಡಿ ಎತ್ತು ಮಾರೋದೈತಿ" ಎಂದು ಬರೆದು, ಕೆಳಗೆ ನಿನ್ನ ನಂಬರು ಹಾಕಿ, ರಸ್ತೆಗೆ ಕಾಣುವಂತೆ ಬೇವಿನ ಗಿಡಕ್ಕೆ ಕಟ್ಟಿದಳು. ಮಣ್ಣಿನ ಎತ್ತು ಎಂದು ಬರೆಯಲಿಲ್ಲ. ಯಾರೋ ಪುಣ್ಯಾತ್ಮ ಅದರ ಫೋಟೋ ತೆಗೆದು, ಊರು ಓಣಿಯ ಹೆಸರಿನೊಂದಿಗೆ ದನ ಮಾರುವವರ ವಾಟ್ಸಾಪ್ ಗುಂಪಿಗೆ ಹಾಕಿದ. ಕೌಜಲಗಿಯಿಂದ, ಧುಪದಾಳದಿಂದ, ಹುಕ್ಕೇರಿಯಿಂದ ರೈತರು ನಿನಗೆ ಫೋನು ಹಚ್ಚಿ, "ಎಷ್ಟ ಹಲ್ಲಿನ್ವು ರಿ ಎತ್ತು?" ಎಂದು ಅವುಗಳ ವಯಸ್ಸು ಕೇಳತೊಡಗಿದರು. ನಿನ್ನ ನಂಬರು ಯಾಕೆ ಹಾಕಿದೆ ಎಂದು ಕೇಳಿದರೆ, ತನಗೆ ಬಾಯಿಪಾಠ ಇರುವ ನಂಬರು ಅದೊಂದೇ ಅಂದಳು. ನಾನೂ ನಂಬಿದೆ.

ನೀನು ಸಂಜೆ ಡಿಪೋಕ್ಕೆ ಬಂದವಳೇ ಮನೆಗೆ ಫೋನು ಮಾಡಿ, "ನಾ ಟಿಕೆಟ್ ಕೊಡ್ಲೋ, ಎತ್ತ ಮಾರ್ಲೋ?" ಎಂದು ನಕ್ಕೆಯಲ್ಲ, ನನ್ನ ಮಹಾಂತೇಶ ತೀರಿಹೋದ ಮೇಲೆ ನೀನು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆ ಬೋರ್ಡಿಗೂ ಮೊದಲು ನಿನ್ನ ಫೋನೆಂದರೆ, "ಉಂಡ್ಯಾ? ಸಾಲಿಗಿ ಹೋಗಿದ್ಯಾ? ಇಡ್ತೇನಿ" ಅಷ್ಟೇ. ಅವನ ಬಸ್ಸಿನ ನೌಕರಿ ನಿನ್ನ ಹೆಗಲಿಗೆ ಬಂದಿದೆ, ದಣಿವು ನನಗೆ ತಿಳಿಯುತ್ತದೆ. ಆದರೆ ಆ ವಾರ ದಿನಾ ಸಂಜೆ ನೀನು ಯಾರು ಕೇಳಿದರು, ಯಾವ ಊರಿನವರು ಎಂದು ಹೇಳುತ್ತಿದ್ದೆ, ಇವಳು ಅದಕ್ಕೆ ಉತ್ತರ ಹೇಳುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಮನೆಯಲ್ಲಿ ಮೂವರಿದ್ದೇವೆ ಅನ್ನಿಸುತ್ತಿತ್ತು.

ಹುಕ್ಕೇರಿಯ ಶಿದ್ಲಿಂಗಪ್ಪ ಎಂಬ ಹಿರಿಯರು ಕೇಳುವ ಗೊಡವೆಗೇ ಹೋಗದೆ ಟೆಂಪೋ ಮಾಡಿಕೊಂಡು, ಕೈಯಲ್ಲಿ ಹೊಸ ಮೂಗುದಾರ ಹಿಡಿದು ಬಂದೇಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಹಾ ಕೊಟ್ಟು ಕೈಮುಗಿದೆ. ಅವರು ಬೈಯಲಿಲ್ಲ. ಕಟ್ಟೆಯ ಮೇಲಿನ ಮಣ್ಣೆತ್ತನ್ನು ಅಂಗೈಯಲ್ಲಿ ಎತ್ತಿಕೊಂಡು, ಬಾಯಿ ಬಿಡಿಸಿ ನೋಡಿದವರಂತೆ ಮಾಡಿ, "ಬಾಯಿಗೂಡ್ಯಾವ, ಎಲ್ಲಾ ಹಲ್ಲ ಬಂದಾವ. ಎಷ್ಟಕ್ಕ ಕೊಡ್ತೀಯವ್ವಾ?" ಎಂದು ಕೇಳಿದರು. ಇವಳು ಬಾಯಿ ತೆರೆಯುವಷ್ಟರಲ್ಲಿ ಹಂಗಲ್ಲ ಎಂದು ತಡೆದು, ದನದ ಪ್ಯಾಟಿಯಲ್ಲಿ ಮಾಡುವಂತೆ ಅವಳ ಕೈಯ ಮೇಲೆ ತಮ್ಮ ಟವೆಲ್ ಹೊದಿಸಿದರು. ಅದರ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ಕಲಿಸಿದರು. ಕೊಡುವವರು, ಕೊಳ್ಳುವವರು, ಇಬ್ಬರಿಗಷ್ಟೇ ಗೊತ್ತಾಗಬೇಕಂತೆ. ಬಹಳ ಹೊತ್ತು ಚೌಕಾಸಿ ನಡೆಯಿತು, ಇವಳು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಕಡೆಗೆ ದರ ಎಷ್ಟಕ್ಕೆ ಕುದುರಿತೆಂದು ನನಗೆ ಇಂದಿಗೂ ಹೇಳಿಲ್ಲ. ನಿನಗೆ ಹೇಳಬೇಕೆಂದು ಸಂಜೆಗೆ ಕಾಯುತ್ತಿದ್ದಳು.

ಅದೇ ಸಂಜೆ ನೀನು ಬೈದೆ. ಬಸ್ಸಿನಲ್ಲಿ ತಪಾಸಣೆಗೆ ಬಂದವರ ಎದುರೇ ಎತ್ತಿನ ಗಿರಾಕಿಯ ಫೋನು ಬಂದು ನೀನು ಅವರಿಂದ ಮಾತು ಕೇಳಬೇಕಾಯಿತು ಅಂದೆ. ನೀನು ಬೈದದ್ದು ತಪ್ಪಲ್ಲ, ನೌಕರಿ ನೌಕರಿಯೇ. ಅವಳು ಹೂಂ ಅಂದು ಫೋನು ಇಟ್ಟಳು. ಮರುದಿನ ಬೋರ್ಡಿನಲ್ಲಿ ನಿನ್ನ ನಂಬರು ಹೊಡೆದು ನನ್ನದು ಬರೆದಳು, ಮೇಲೆ "ಮಣ್ಣಿನ" ಎಂದೂ ಸೇರಿಸಿದಳು. ಅಮವಾಸ್ಯೆಯ ತನಕ ಒಳ್ಳೆಯ ವ್ಯಾಪಾರವೇ ಆಯಿತು. ಆದರೆ ಗಳಿಸಿದ್ದನ್ನು ಮುಟ್ಟಿಲ್ಲ, ಏನು ಕೊಳ್ಳುತ್ತೀ ಎಂದರೆ ಭುಜ ಕುಣಿಸುತ್ತಾಳೆ. ಸಾಲಿಯಿಂದ ಬಂದವಳು ಕಟ್ಟೆಯ ಮೇಲೆ ಫೋನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಾಳೆ. ಬಾಜೂದಲ್ಲಿ ನಾನು ಕೂಡುತ್ತೇನೆ. ಅವಳಿಗೆ ಅಪ್ಪನಿಲ್ಲ, ನನಗೆ ಮಗನಿಲ್ಲ, ಇಬ್ಬರಿಗೂ ನೀನು ದೂರ. ಇದು ನಿನ್ನ ಮೇಲಿನ ದೂರಲ್ಲ ತಾಯಿ. ಬಿಕೋ ಅನ್ನುತ್ತದೆ, ಅದಕ್ಕೆ ಬರೆದೆ.

ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ. ಉದ್ದವ್ವ ನಿನ್ನನ್ನು ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ರಜೆ ಸಿಕ್ಕರೆ ಪಂಚಮಿಗಾದರೂ ಬಾ.

ನಿನ್ನ ಅತ್ತೆ,
ಗೌರಕ್ಕ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ಬರೆಯುತ್ತಿದ್ದೇನೆ. ಒಂದು ಜೋಡಿಯನ್ನು ಅವಳು ಮಾರದೆ ದೇವರ ಮಾಡದಲ್ಲಿ ಇಟ್ಟಿದ್ದಾಳೆ. ಪೂಜೆ ಮುಗಿಯಿತು, ನೀರಿಗೆ ಬಿಡೋಣ ಎಂದು ಈಗ ತಾನೇ ಕೈಹಾಕಿದೆ. ಓಡಿಬಂದು ತಡೆದಳು. "ಗಿರಾಕಿ ಕೇಳ್ಯಾರ ಅಂತ ಅವ್ವ ಫೋನ್ ಮಾಡ್ತಿದ್ಲು. ಈಗ ಬೋರ್ಡಿನ್ಯಾಗ ನಿನ್ನ ನಂಬರ್ ಐತಿ. ಇನ್ನ ಅವ್ವ ಯಾತಕ್ಕ ಮಾಡ್ತಾಳ, ಆಯಿ?" ಅಂದಳು. ನಂಬರು ಯಾಕೆ ನಿನ್ನದು ಹಾಕಿದ್ದಳೆಂದು ಆಗ ತಿಳಿಯಿತು. ಸುಜಾತಾ, ಆ ಜೋಡಿ ನಿನಗೇ ಬೇಕೆಂದು ಫೋನು ಮಾಡು. ಎಷ್ಟು ಹಲ್ಲಿನವು ಎಂದು ಕೇಳು. ದರಕ್ಕೆ ಲಗೂನ ಒಪ್ಪಬೇಡ, ಚೌಕಾಸಿ ಮಾಡು. ಫೋನಿನ ಮೇಲೆ ಟವೆಲ್ ಹೊದಿಸಲು ಬರುವುದಿಲ್ಲ, ನಾನೇ ಎದ್ದು ಹಿತ್ತಲಿಗೆ ಹೋಗುತ್ತೇನೆ.