ಸುದ್ದಿಯಿಲ್ಲದ ಏಳು ವರ್ಷ

ಹೊಸಂಗಡಿ
14 ನವೆಂಬರ್ 2025, ಶುಕ್ರವಾರ

ನನ್ನ ಮುದ್ದಿನ ಕ್ರಿಸ್ಟಿನ್,

ಫೋನಿನಲ್ಲೇ ಹೇಳಬೇಕೆಂದು ಎರಡು ಸಲ ಕರೆ ಮಾಡಿದೆ. ನಿನ್ನ ಸ್ವರ ಕೇಳಿದ ಕೂಡಲೇ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಹಾಗಾಗಿ ಈ ಕಾಗದ. ನೆರೆಮನೆಯ ಐವನ್ ನಾಳೆ ಕಾಸರಗೋಡಿಗೆ ಬರುವಾಗ ನೀನು ಕೆಲಸ ಮಾಡುವ ವಕೀಲರ ಆಫೀಸಿನಲ್ಲಿ ಕೊಡುತ್ತಾನೆ.

ಪಪ್ಪ ತೀರಿಹೋದರೆಂದು ಕೋರ್ಟು ಒಪ್ಪಿದರೆ ಮನೆ ನನ್ನ ಹೆಸರಿಗೆ ಆಗುತ್ತದೆಂದು ಕಳೆದ ಭಾನುವಾರ ನೀನು ಅರ್ಜಿ ಬರೆದು ತಂದಿದ್ದೆ. ನಾನು ಒಂದೊಂದೇ ಇಂಗ್ಲಿಷ್ ಪದದ ಅರ್ಥ ಕೇಳಿದೆ. ಪಪ್ಪನ ಹಡಗಿನವರು ‘ಹ್ಯಾಂಡ್ಸ್’ ಎನ್ನುವುದು ಕೆಲಸದವರಿಗಂತೆ. ‘ಡಿಸ್ಚಾರ್ಜ್’ ಆಸ್ಪತ್ರೆಯದೆಂದು ನಾನು ತಿಳಿದಿದ್ದೆ, ಕೆಲಸ ಮುಗಿಸಿ ಹಡಗು ಇಳಿಯುವುದಂತೆ. ನೀನು ನಗುತ್ತಾ ಹೇಳುತ್ತಿದ್ದೆ. ಆಮೇಲೆ ಬಂತು ಕೋರ್ಟಿನ ಪದ, ‘ಪ್ರಿಸ್ಯೂಮ್ಡ್’. "ಸತ್ತದ್ದನ್ನು ಯಾರೂ ನೋಡಿಲ್ಲ ಮಮ್ಮಿ. ಏಳು ವರ್ಷ ಮನೆಯವರಿಗೆ ಸುದ್ದಿಯೇ ಇಲ್ಲದಿದ್ದರೆ ಸತ್ತ ಹಾಗೆ ಅಂತ ಕೋರ್ಟು ತಿಳಿಯುವುದು" ಎಂದೆ.

ಸುದ್ದಿಯೇ ಇಲ್ಲದಿದ್ದರೆ! ಕನ್ನಡಕ ಸಿಗುವುದಿಲ್ಲವೆಂದು ಸುಳ್ಳು ಹೇಳಿ, ಸಹಿ ಹಾಕದೆ ಎದ್ದೆ. ಅಂದಿನಿಂದ ಒಲೆಯ ಮೇಲಿಟ್ಟದ್ದೆಲ್ಲ ಸೀದುಹೋಗುತ್ತಿದೆ.

ಆಗ ಹಡಗಿನ ಕಂಪನಿಯಿಂದ ಬಂದ ಕಾಗದ ಒಂದಲ್ಲ, ಎರಡು. ಮೊದಲನೆಯದರಲ್ಲಿ ಪಪ್ಪ ಕಾಣೆ ಎಂದಿತ್ತು. ನಿನಗೆ ತೋರಿಸದ ಎರಡನೆಯದರಲ್ಲಿ ‘ಡೆಸರ್ಟೆಡ್’ ಎಂದಿತ್ತು. ಅರ್ಥ ಕೇಳಲು ಹರಿನಾರಾಯಣ ಮಾಸ್ತರರಲ್ಲಿಗೆ ಓಡಿದೆ. ಅವರು ಓದಿ, ಮಡಚಿ, ಪುನಃ ಬಿಡಿಸಿ ಓದಿದರು. "ಹಡಗಿನವರ ಹಳೇ ಪದ ಇದು. ಹೇಳದೆ ಕೇಳದೆ ಹಡಗು ಬಿಟ್ಟು ಹೋಗುವುದು. ಲಿಯೋ ಬಂದರಿನಲ್ಲಿ ಇಳಿದು ಹೋಗಿದ್ದಾನೆ, ಆನ್ಸಿಲ್ಲಾ" ಎಂದರು.

ಮನೆಗೆ ಬಂದರೆ ನೀನು ಗೇಟಿನಲ್ಲಿ ಕಾಯುತ್ತಿದ್ದೆ, ಹದಿನಾಲ್ಕರ ಹುಡುಗಿ. "ಎಂತ ಬರೆದಿದ್ದಾರೆ?" ಎಂದು ಕೇಳಿದೆ. ಓಡಿಹೋದವನ ಮಗಳು ಎಂದು ನಿನ್ನನ್ನು ಯಾರೂ ಕರೆಯಬಾರದಿತ್ತು. ಸಮುದ್ರಕ್ಕೆ ಬಿದ್ದರು ಎಂದುಬಿಟ್ಟೆ. ಪ್ರತಿ ನವೆಂಬರಿನಲ್ಲಿ ಇಗರ್ಜಿಯ ಶಿಲುಬೆಯ ಬಳಿ ನೀನು ಅವರಿಗೆ ಮೇಣದಬತ್ತಿ ಹಚ್ಚುವಾಗ ನಾನೂ ಪಕ್ಕದಲ್ಲಿ ನಿಂತೆ.

ಅವರು ಬದುಕಿದ್ದಾರೆ. ನಾಲ್ಕು ವರ್ಷದ ಹಿಂದೆ ಒಮ್ಮೆ ಫೋನ್ ಮಾಡಿದ್ದರು. ಯಾವುದೋ ದೂರದ ಊರಿನಲ್ಲಿ ಬೋಟು ರಿಪೇರಿ ಮಾಡುತ್ತಾರಂತೆ. ಅಲ್ಲಿ ಬೇರೆ ಸಂಸಾರ ಉಂಟೋ ಇಲ್ಲವೋ, ನಾನು ಕೇಳಲಿಲ್ಲ.

ಸೋಮವಾರ ಆ ಅರ್ಜಿ ಕೋರ್ಟಿಗೆ ಹೋಗಬಾರದು ಮಗಾ. ಮನೆ ಯಾರ ಹೆಸರಿನಲ್ಲಾದರೂ ಇರಲಿ. ನೀನು ಈಗಷ್ಟೇ ಕರಿಕೋಟು ಹಾಕಿದವಳು, ನನ್ನ ಸುಳ್ಳಿಗೆ ನೀನು ಸಿಕ್ಕಿಬೀಳುವುದು ಬೇಡ. ಬೈಯುವುದಾದರೆ ಮನೆಗೆ ಬಂದು ಎದುರಿಗೇ ಬೈ.

ನಿನ್ನ ಮಮ್ಮಿ,
ಆನ್ಸಿಲ್ಲಾ

ತಾ.ಕ.: ಒಮ್ಮೆ ಎಂದು ಬರೆದದ್ದೂ ಸುಳ್ಳು. ಪ್ರತಿ ಈಸ್ಟರಿಗೆ ಫೋನ್ ಮಾಡುತ್ತಾರೆ. ಹೋದ ವರ್ಷ ಊರಿಗೆ ಬಂದು ನಿನ್ನನ್ನು ನೋಡುತ್ತೇನೆ ಎಂದರು. ಬರಬೇಡಿ, ಅವಳ ಪಾಲಿಗೆ ನೀವು ಸತ್ತಾಗಿದೆ ಎಂದವಳು ನಾನು. ಅವರ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ.